ಸೊಲ್ಲಾಪುರಕ್ಕೇ ಮುಗಿದ ಹಾಡು

‘ನಿಮ್ಮ ಮಕ್ಕಳ ಬಾಯಲ್ಲಿ ಬರೀ ಹಿಂದಿ ಹಾಡು’ ಅಂತ ಊರಿನವರು ಮುಂಬೈ ಕನ್ನಡಿಗರನ್ನು ಆಡಿಕೊಳ್ಳುವುದುಂಟು. ದೂರು ಸುಳ್ಳಲ್ಲ. ಆದರೆ ಆ ಹಾಡುಗಳನ್ನು ಆರಿಸಿ ನಮ್ಮ ಮನೆಯೊಳಗೆ ಕಳಿಸಿದವರು ಯಾರು ಅನ್ನೋದಕ್ಕೂ ಒಂದು ಚರಿತ್ರೆ ಇದೆ.

1991ರಲ್ಲಿ ಹಾಂಕಾಂಗ್‌ನ ಸ್ಟಾರ್ ಟೀವಿ ಉಪಗ್ರಹದ ಮೂಲಕ ಬಂತು. ಅದರ ಮೊದಲ ಐದು ಚಾನೆಲ್‌ಗಳಲ್ಲಿ ಎಂಟೀವಿ ಒಂದು. ನಮ್ಮ ಡೊಂಬಿವಲಿಯಲ್ಲೂ ಕೇಬಲ್ ತಂತಿ ಗಚ್ಚಿಯಿಂದ ಗಚ್ಚಿಗೆ ಹಾರಿತು. ಆಗ ಎಂಟೀವಿಯಲ್ಲಿ ಬರುತ್ತಿದ್ದದ್ದು ಹೆಚ್ಚಾಗಿ ಇಂಗ್ಲಿಷ್ ಹಾಡು. ಹಿರಿಯರು ಮೂಗು ಮುರಿದು ದೂರದರ್ಶನದ ಚಿತ್ರಹಾರಕ್ಕೇ ವಾಪಸು ಹೋಗುತ್ತಿದ್ದರು. 1994ರಲ್ಲಿ ಎಂಟೀವಿಗೂ ಸ್ಟಾರ್‌ಗೂ ಸಂಬಂಧ ಕಡಿಯಿತು. ಸ್ಟಾರ್ ಆ ಜಾಗಕ್ಕೆ ಚಾನೆಲ್ ವಿ ತಂದು ಹಿಂದಿ ಸಿನಿಮಾ ಹಾಡು, ಹಿಂದಿ ಪಾಪ್ ಹಾಕತೊಡಗಿತು. 1995ರಲ್ಲಿ ಅಲೀಶಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’ ಮನೆಮಾತಾಯಿತು. 1996ರಲ್ಲಿ ಎಂಟೀವಿ ಇಂಡಿಯಾ ಆಗಿ ಮರಳಿ ಬಂದ ಚಾನೆಲ್ಲೂ ಕೆಲವೇ ವರ್ಷಗಳಲ್ಲಿ ಇಂಗ್ಲಿಷನ್ನು ಮೂಲೆಗೆ ಸರಿಸಿ ಹಿಂದಿ ಹಿಡಿಯಿತು.

ಇದಕ್ಕೆ ‘ಭಾರತೀಕರಣ’ ಅಂತ ಹೆಸರಾಯಿತು. ನನ್ನ ತಕರಾರು ಇಲ್ಲೇ. ಆ ಭಾರತ ಸೊಲ್ಲಾಪುರಕ್ಕೇ ಮುಗಿಯುತ್ತಿತ್ತು.

ದಕ್ಷಿಣ ಅಲ್ಲಿ ಇರಲೇ ಇಲ್ಲ ಅಂತಲ್ಲ. ರೆಹಮಾನ್ ಹಾಡುಗಳು ಹಿಂದಿಯ ಅಂಗಿ ತೊಟ್ಟು ಬಂದವು. ಉಳಿದಂತೆ ದಕ್ಷಿಣ ಬಂದದ್ದು ನಗೆಚಾಟಿಕೆಯಾಗಿ. ಹಾಡಿನ ನಡುವೆ ಚಾನೆಲ್ ವಿ ತೋರಿಸುತ್ತಿದ್ದ ತುಣುಕುಗಳಲ್ಲಿ ಕ್ವಿಕ್ ಗನ್ ಮುರುಗನ್ ಎಂಬ ಕೌಬಾಯ್ ಇದ್ದ. ‘ಮೈಂಡ್ ಇಟ್’ ಅನ್ನೋದು ಅವನ ಪಲ್ಲವಿ. ಆಮೇಲೆ ತಲೆತುಂಬ ಹೂ ಮುಡಿದ ಮಲಯಾಳಿ ನಿರೂಪಕಿ ಲೋಲಾ ಕುಟ್ಟಿ ಬಂದಳು. ಹಾಸ್ಯ ಚೆನ್ನಾಗಿಯೇ ಇತ್ತು, ನಾನೂ ನಕ್ಕಿದ್ದೇನೆ. ಆದರೆ ಶಾಲೆಯಲ್ಲಿ ಹುಡುಗರು ನನ್ನ ಮಗನನ್ನು ‘ಮುರುಗನ್’ ಅಂತ ಕರೆಯತೊಡಗಿದರು. “ನಾವು ಧಾರವಾಡದ ಕಡೇವ್ರು ಅಂತ ಹೇಳೋ” ಅಂದೆ. “ಅವ್ರಿಗೆ ನಾವೆಲ್ಲಾ ಮದ್ರಾಸೀನೇ, ಪಪ್ಪಾ” ಅಂದ. ನಮ್ಮ ಮಾತಿನ ಧಾಟಿ ಟೀವಿಗೆ ಬೇಕಿತ್ತು, ನಮ್ಮ ಹಾಡು ಬೇಕಿರಲಿಲ್ಲ.

ಯಾರೋ ಕೂತು ಕನ್ನಡವನ್ನು ಹೊಡೆದುಹಾಕಿದರು ಅಂತ ನಾನು ಹೇಳುತ್ತಿಲ್ಲ. ಲೆಕ್ಕ ಸರಳ. ಇಂಥ ಚಾನೆಲ್‌ಗಳು ಹಾಡನ್ನು ಚಿತ್ರೀಕರಿಸುವುದಿಲ್ಲ. ಸಂಗೀತ ಕಂಪನಿಗಳು ಪ್ರಚಾರಕ್ಕೆಂದು ಕೊಟ್ಟದ್ದನ್ನು ತಿರುಗಿಸಿ ತಿರುಗಿಸಿ ಹಾಕುತ್ತವೆ. ಕ್ಯಾಸೆಟ್ ಎಲ್ಲಿ ಮಾರಬೇಕಿತ್ತೋ ಅಲ್ಲಿಗೆ ಹಾಡು ಹೋಗುತ್ತಿತ್ತು. ಅಮೆರಿಕದಲ್ಲೂ ಇದೇ ಕಥೆ. 1981ರಲ್ಲಿ ಶುರುವಾದ ಎಂಟೀವಿ ಮೊದಮೊದಲು ಕಪ್ಪು ಗಾಯಕರನ್ನು ತೀರಾ ಕಡಿಮೆ ತೋರಿಸುತ್ತಿತ್ತು. ‘ನಮ್ಮದು ರಾಕ್ ಚಾನೆಲ್’ ಎಂಬುದು ಸಮಜಾಯಿಷಿ. 1983ರಲ್ಲಿ ಮೈಕಲ್ ಜಾಕ್ಸನ್ನನ ‘ಬಿಲ್ಲಿ ಜೀನ್’ ಆ ಬಾಗಿಲು ತೆರೆಸಿತು. ಹಿಂದಿನಿಂದ ಅವನ ರೆಕಾರ್ಡ್ ಕಂಪನಿ ಒತ್ತಡ ಹಾಕಿತ್ತು ಅಂತಾರೆ. ಕನ್ನಡಕ್ಕಾಗಿ ಮುಂಬೈಯಲ್ಲಿ ಹಾಗೆ ಬಾಗಿಲು ದೂಡುವವರು ಇರಲಿಲ್ಲ.

1994ರಲ್ಲೇ ಉದಯ ಟೀವಿ ಬಂದಿತ್ತು. ಅದನ್ನು ಹಾಕಪ್ಪ ಅಂತ ಕೇಬಲ್‌ನವನ ಹತ್ತಿರ ಹೋದರೆ “ಎಷ್ಟು ಮನೆ ಇದ್ದೀರಿ?” ಅಂದ. ಹನ್ನೊಂದು ಅಂದೆವು. ನಕ್ಕ. 2001ರಲ್ಲಿ ಚೆನ್ನೈನಿಂದ ದಕ್ಷಿಣದ ನಾಲ್ಕೂ ಭಾಷೆಯ ಹಾಡಿಗಾಗಿ ಎಸ್‌ಎಸ್ ಮ್ಯೂಸಿಕ್ ಶುರುವಾದಾಗಲೂ ನಮ್ಮ ಓಣಿಯ ಉತ್ತರ ಅದೇ.

2006ರ ಕೊನೆಗೆ ‘ಮುಂಗಾರು ಮಳೆ’ ಬಂತು. ಅದರ ಅತಿ ಜನಪ್ರಿಯ ಹಾಡು ಬರೆದವರು ಮುಂಬೈಯಲ್ಲಿ ಎಷ್ಟೋ ವರ್ಷ ಬಾಳಿದ ಜಯಂತ ಕಾಯ್ಕಿಣಿ. ಹಾಡಿದವರು ಸೋನು ನಿಗಮ್. ಅದೇ ಸೋನು ಹಿಂದಿಯಲ್ಲಿ ಹಾಡಿದರೆ ನಮ್ಮ ಟೀವಿಯಲ್ಲಿ ದಿನಕ್ಕೆ ಹತ್ತು ಸಲ. ಈ ಹಾಡನ್ನು ಮಾತ್ರ ಅಲ್ಲಿ ನಾನು ಒಮ್ಮೆಯೂ ಕಾಣಲಿಲ್ಲ. ಊರಿಂದ ಭಾವಮೈದ ತಂದ ಸೀಡಿಯೇ ಗತಿ. ಮಗ ಕೇಳಿ, “ಇದು ಸೋನು ಅಲ್ವಾ? ನಮ್ಮ ಭಾಷೆ ಹೆಂಗ್ ಬಂತು ಇವಂಗೆ?” ಅಂದ. ಆ ವಾರ ಅವನ ಬಾಯಲ್ಲಿ ಅದೊಂದೇ ಹಾಡು.

ಆ ಚಾನೆಲ್‌ಗಳಿಗೆ ಕೊನೆಗೆ ಹಾಡೂ ಬೇಡವಾಯಿತು. 2003ರಲ್ಲಿ ಎಂಟೀವಿ ‘ರೋಡೀಸ್’ ಶುರುಮಾಡಿ ಜಗಳ ತೋರಿಸತೊಡಗಿತು. ಚಾನೆಲ್ ವಿ 2012ರಲ್ಲಿ ಸಂಗೀತ ಬಿಟ್ಟು ಧಾರಾವಾಹಿ ಹಿಡಿಯಿತು, 2016ರಲ್ಲಿ ಮತ್ತೆ ಹಾಡಿಗೆ ಬಂತು, 2018ರಲ್ಲಿ ಮುಚ್ಚಿತು.

ಈಗ ಮೊಬೈಲಿನಲ್ಲಿ ಎಲ್ಲ ಭಾಷೆಯ ಹಾಡೂ ಸಿಗುತ್ತದೆ. ಆದರೆ ಮೊಬೈಲು ನೀವು ಹಿಂದೆ ಕೇಳಿದ್ದನ್ನು ನೋಡಿಕೊಂಡು ಅಂಥದ್ದನ್ನೇ ಮುಂದಿಡುತ್ತದೆ. ಒಂದೂ ಕನ್ನಡ ಹಾಡು ಕೇಳದ ಮೊಮ್ಮಗಳಿಗೆ ಅದು ತಾನಾಗಿ ಕನ್ನಡ ಕೊಡುವುದಿಲ್ಲ. ಮೊದಲನೇ ಹಾಡನ್ನು ಮನೆಯವರೇ ಯಾರಾದರೂ ಹಾಕಬೇಕು. ಅಂದು ಕೇಬಲ್‌ನವನು ಹನ್ನೊಂದು ಮನೆ ಸಾಲದು ಅಂದ. ಇದಕ್ಕೆ ಒಂದೇ ಮನೆ ಸಾಕು. ಊರಲ್ಲಿರುವ ನೀವೂ ನಮ್ಮ ಮಕ್ಕಳಿಗೆ ಆಗಾಗ ಒಂದು ಹಾಡು ಕಳಿಸುತ್ತಿರಿ.