ಬೋರ್ಗ್–ಮೆಕೆನ್ರೊ ಪೈಪೋಟಿ

ಸ್ವೀಡನ್ನಿನ ಬ್ಯೋರ್ನ್ ಬೋರ್ಗ್ ಮತ್ತು ಅಮೆರಿಕದ ಜಾನ್ ಮೆಕೆನ್ರೊ ನಡುವೆ 1978ರ ನವೆಂಬರಿನಿಂದ 1981ರ ಸೆಪ್ಟೆಂಬರಿನವರೆಗೆ ನಡೆದ ಟೆನಿಸ್ ಸೆಣಸಾಟ. ಇಬ್ಬರೂ ಎದುರುಬದುರಾದದ್ದು 14 ಸಲ, ಗೆಲುವು ತಲಾ ಏಳು. ಇದರಲ್ಲಿ ನಾಲ್ಕು ಗ್ರ್ಯಾಂಡ್‌ಸ್ಲಾಮ್ ಫೈನಲ್‌ಗಳು. 1980ರ ವಿಂಬಲ್ಡನ್ ಬೋರ್ಗ್ ಪಾಲಾಯಿತು, ಉಳಿದ ಮೂರನ್ನೂ ಮೆಕೆನ್ರೊ ಗೆದ್ದರು. ಇದಕ್ಕಿಂತ ದೀರ್ಘವಾದ ಪೈಪೋಟಿಗಳು ಟೆನಿಸ್‌ನಲ್ಲಿ ಬೇಕಾದಷ್ಟಿವೆ. ಮೂರು ವರ್ಷವೂ ತುಂಬದ ಅವಧಿಯಲ್ಲಿ ಇಷ್ಟು ಆಳವಾಗಿ ನೆನಪಿನಲ್ಲಿ ಉಳಿದದ್ದು ಇನ್ನೊಂದಿಲ್ಲ.

ಬೋರ್ಗ್ 1956ರ ಜೂನ್ 6ರಂದು ಸ್ಟಾಕ್‌ಹೋಮಿನಲ್ಲಿ ಹುಟ್ಟಿ, ಹತ್ತಿರದ ಸೋದರ್ತೆಲ್ಯೆ ಪಟ್ಟಣದಲ್ಲಿ ಬೆಳೆದವರು. ತಂದೆ ಟೇಬಲ್ ಟೆನಿಸ್ ಪಂದ್ಯಾವಳಿಯೊಂದರಲ್ಲಿ ಬಹುಮಾನವಾಗಿ ಪಡೆದ ಟೆನಿಸ್ ರಾಕೆಟ್ ಮಗನ ಕೈಸೇರಿದ್ದರಿಂದ ಎಲ್ಲವೂ ಶುರುವಾಯಿತು. ಐಸ್ ಹಾಕಿ ಆಡುವ ಹುಡುಗ ಕೋಲು ಬೀಸುವ ರೀತಿಯಲ್ಲೇ ಎರಡೂ ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಹೊಡೆಯುತ್ತಿದ್ದ. ಅದು ತಪ್ಪು ಎಂದವರಿದ್ದರು. ಮುಂದೆ ಅದೇ ಹೊಡೆತ ಪ್ಯಾರಿಸ್‌ನಲ್ಲಿ ಆರು, ವಿಂಬಲ್ಡನ್‌ನಲ್ಲಿ ಸತತ ಐದು ಪ್ರಶಸ್ತಿಗಳನ್ನು ತಂದುಕೊಟ್ಟಿತು. ಮೆಕೆನ್ರೊ ಬೋರ್ಗ್‌ಗಿಂತ ಎರಡೂವರೆ ವರ್ಷಕ್ಕೂ ಹೆಚ್ಚು ಕಿರಿಯರು. ತಂದೆ ಅಮೆರಿಕದ ವಾಯುಪಡೆಯಲ್ಲಿದ್ದಾಗ, 1959ರ ಫೆಬ್ರುವರಿ 16ರಂದು ಪಶ್ಚಿಮ ಜರ್ಮನಿಯ ವೀಸ್‌ಬಾಡೆನ್‌ನಲ್ಲಿ ಹುಟ್ಟಿದರು, ಬೆಳೆದದ್ದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ. 1977ರಲ್ಲಿ ಅರ್ಹತಾ ಸುತ್ತು ದಾಟಿ ವಿಂಬಲ್ಡನ್‌ಗೆ ಬಂದ 18ರ ಹುಡುಗ ಸೆಮಿಫೈನಲ್‌ವರೆಗೆ ಹೋಗಿ ಜಿಮ್ಮಿ ಕಾನರ್ಸ್‌ಗೆ ಸೋತಾಗ ಟೆನಿಸ್ ಲೋಕ ಕಣ್ಣರಳಿಸಿ ನೋಡಿತು.

ಇಬ್ಬರ ಆಟದಲ್ಲಿ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಬೋರ್ಗ್ ಬೇಸ್‌ಲೈನ್ ಹಿಂದೆ ನಿಂತು, ಚೆಂಡಿಗೆ ಭಾರೀ ಟಾಪ್‌ಸ್ಪಿನ್ ಕೊಟ್ಟು, ನೆಟ್‌ಗಿಂತ ಬಹಳ ಎತ್ತರದಲ್ಲಿ ಕಳಿಸುತ್ತಿದ್ದರು. ಚೆಂಡು ಗೆರೆಯೊಳಗೆ ಬಿದ್ದು ಎದುರಾಳಿಯ ಭುಜದೆತ್ತರಕ್ಕೆ ಪುಟಿಯುತ್ತಿತ್ತು. ಹತ್ತು ಹೊಡೆತವೋ, ನಲವತ್ತು ಹೊಡೆತವೋ, ಎದುರಿಗಿದ್ದವರು ತಪ್ಪುವವರೆಗೆ ತಾವು ತಪ್ಪದಿರುವುದೇ ಅವರ ಹಟ. ಮೆಕೆನ್ರೊ ಎಡಗೈ ಆಟಗಾರ. ಸರ್ವ್ ಮಾಡುವಾಗ ಪಾದಗಳೆರಡನ್ನೂ ಬೇಸ್‌ಲೈನ್‌ಗೆ ಸಮಾನಾಂತರವಾಗಿ ಇಟ್ಟು, ಎದುರಾಳಿಗೆ ಬೆನ್ನು ತೋರಿಸುವಂತೆ ತಿರುಗಿ ನಿಲ್ಲುತ್ತಿದ್ದರು. ಅಲ್ಲಿಂದ ಹೊರಟ ಚೆಂಡು ಬಲಗೈ ಆಟಗಾರನ ಬ್ಯಾಕ್‌ಹ್ಯಾಂಡ್ ಬದಿಗೆ ಜಾರುತ್ತಾ, ಅವನನ್ನು ಅಂಕಣದಿಂದಲೇ ಹೊರಗೆಳೆಯುತ್ತಿತ್ತು. ಅವನು ಮರಳಿ ಬರುವಷ್ಟರಲ್ಲಿ ಮೆಕೆನ್ರೊ ನೆಟ್ ಬಳಿ ಇರುತ್ತಿದ್ದರು, ಖಾಲಿ ಬಿದ್ದ ಜಾಗಕ್ಕೆ ಮೆಲ್ಲಗೆ ಒಂದು ವಾಲಿ. ಬಲದ ಹೊಡೆತ ಅಪರೂಪ, ಮಣಿಕಟ್ಟಿನ ಕುಸುರಿಯೇ ಹೆಚ್ಚು.

ರಾಕೆಟ್ಟಿನ ತಂತಿಯಲ್ಲೂ ಈ ಅಂತರ ಕಾಣುತ್ತಿತ್ತು. ಇಬ್ಬರ ರಾಕೆಟ್ಟೂ ಮರದ್ದೇ. ಬೋರ್ಗ್ ತಮ್ಮ ಡಾನೆ ರಾಕೆಟ್ಟಿನ ತಂತಿಗಳನ್ನು ಸುಮಾರು 80 ಪೌಂಡ್ ಬಿಗಿತಕ್ಕೆ ಎಳೆಸುತ್ತಿದ್ದರು. ಮರದ ಚೌಕಟ್ಟು ತಾಳಿಕೊಳ್ಳುವುದೇ ಕಷ್ಟವೆನಿಸುವ ಬಿಗಿತ ಅದು. ರಾತ್ರಿ ಹೋಟೆಲ್ ಕೋಣೆಯಲ್ಲಿ ರಾಕೆಟ್‌ಗಳು ಸುಮ್ಮನೆ ಬಿದ್ದಿರುವಾಗಲೇ ತಂತಿ ಪಟಾರೆಂದು ಹರಿಯುತ್ತಿತ್ತು. ಅವುಗಳ ಆರೈಕೆಯ ಹೊಣೆ ಕೋಚ್ ಲೆನ್ನಾರ್ಟ್ ಬೆರ್ಗೆಲಿನ್ ಅವರದು. ಮೆಕೆನ್ರೊ ತಂತಿ ಸಡಿಲ. ಚೆಂಡು ಒಂದು ಕ್ಷಣ ಅದರೊಳಗೆ ಕುಳಿತು, ಕೈ ಹೇಳಿದ ಕಡೆಗೆ ಹೋಗಬೇಕು.

ಮೊದಲ ಭೇಟಿ 1978ರ ನವೆಂಬರಿನಲ್ಲಿ ಸ್ಟಾಕ್‌ಹೋಮ್ ಟೂರ್ನಿಯ ಸೆಮಿಫೈನಲ್. ತವರಿನ ಪ್ರೇಕ್ಷಕರ ಕಣ್ಣೆದುರೇ ಬೋರ್ಗ್ 3–6, 4–6ರಿಂದ ಸೋತರು. ವೃತ್ತಿಪರ ಆಟದಲ್ಲಿ ತಮಗಿಂತ ಕಿರಿಯನೊಬ್ಬನಿಗೆ ಅವರು ಮಣಿದದ್ದು ಅದೇ ಮೊದಲು. ಮರುವರ್ಷ ರಿಚ್ಮಂಡ್, ನ್ಯೂ ಆರ್ಲಿಯನ್ಸ್, ರಾಟರ್‌ಡ್ಯಾಮ್, ಡಲ್ಲಾಸ್, ಟೊರಾಂಟೊಗಳಲ್ಲಿ ಮತ್ತೆ ಮತ್ತೆ ಎದುರಾದರು. ಗೆಲುವು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲುತ್ತಿತ್ತು.

ಇವುಗಳ ಪೈಕಿ ನ್ಯೂ ಆರ್ಲಿಯನ್ಸ್ ಪಂದ್ಯವನ್ನು ಬೇರೆಯಾಗಿಯೇ ನೋಡಬೇಕು. ಮೂರನೇ ಸೆಟ್ 5–5ರಲ್ಲಿತ್ತು. ಮೆಕೆನ್ರೊ ತಮ್ಮ ಮೇಲೆ ತಾವೇ ಸಿಡಿಮಿಡಿಗೊಂಡು ಕೂಗಾಡುತ್ತಿದ್ದರು. ಬೋರ್ಗ್ ಅವರನ್ನು ನೆಟ್ ಬಳಿಗೆ ಕರೆದರು. ತಮ್ಮ ನಡತೆಗೆ ಬೈಗುಳ ಬೀಳುತ್ತದೆಂದು ಮೆಕೆನ್ರೊ ಅಂದುಕೊಂಡಿದ್ದರು. ಬೋರ್ಗ್ ಹೆಗಲ ಮೇಲೆ ಕೈಯಿಟ್ಟು, ಸಮಾಧಾನ ಮಾಡಿಕೋ, ಇದೊಂದು ಒಳ್ಳೆಯ ಪಂದ್ಯ ಎಂಬ ಅರ್ಥದ ಮಾತಾಡಿದರು. ಪಂದ್ಯ ಗೆದ್ದದ್ದು ಮೆಕೆನ್ರೊ. ಅಂಪೈರ್‌ಗಳ ಮೇಲೆ, ಲೈನ್ಸ್‌ಮನ್‌ಗಳ ಮೇಲೆ, ಇತರ ಎದುರಾಳಿಗಳ ಮೇಲೆ ಹರಿಹಾಯ್ದು ಕುಖ್ಯಾತರಾದ ಆ ಯುವಕ ಬೋರ್ಗ್ ಎದುರಿನ 14 ಪಂದ್ಯಗಳಲ್ಲಿ ಮಾತ್ರ ತಮ್ಮನ್ನು ತಾವು ಹಿಡಿದುಕೊಂಡರು. ಗೌರವ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಪತ್ರಿಕೆಗಳು ಒಬ್ಬರನ್ನು ಮಂಜುಗಡ್ಡೆ, ಇನ್ನೊಬ್ಬರನ್ನು ಬೆಂಕಿ ಎಂದು ಕರೆದವು. ಅದರಲ್ಲಿ ಅರ್ಧ ಮಾತ್ರ ನಿಜ. ಬೋರ್ಗ್ ಬಾಲ್ಯದಲ್ಲಿ ಮಹಾ ಮುಂಗೋಪಿ. ರಾಕೆಟ್ ಎಸೆದು, ಬೈದಾಡಿ, ಕ್ಲಬ್ಬಿನಿಂದ ಕೆಲವು ತಿಂಗಳು ಹೊರಗುಳಿಯಬೇಕಾದ ಶಿಕ್ಷೆಯನ್ನೂ ಅನುಭವಿಸಿದ್ದರು. ಆಮೇಲಿನ ಮೌನ ಹುಟ್ಟುಗುಣವಲ್ಲ, ಪಟ್ಟು ಹಿಡಿದು ರೂಢಿಸಿಕೊಂಡದ್ದು. 1981ರ ಜನವರಿಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಮಾಸ್ಟರ್ಸ್ ಪಂದ್ಯದಲ್ಲಿ ಆ ಕಟ್ಟು ಒಮ್ಮೆ ಸಡಿಲವಾಯಿತು. ಟೈಬ್ರೇಕ್‌ನಲ್ಲಿ ಕೊಟ್ಟ ಒಂದು ತೀರ್ಪನ್ನು ಒಪ್ಪದೆ ಬೋರ್ಗ್ ಅಂಪೈರ್ ಎದುರು ನಿಂತುಬಿಟ್ಟರು, ಆಟ ಮುಂದುವರಿಸಲಿಲ್ಲ, ದಂಡವಾಗಿ ಎರಡು ಪಾಯಿಂಟ್ ಕಳೆದುಕೊಂಡರು. ನೆಟ್‌ನ ಆಚೆ ಬದಿ ಮೆಕೆನ್ರೊ ಸುಮ್ಮನೆ ನಿಂತಿದ್ದರು. ಆ ಸೆಟ್ ಕೈಬಿಟ್ಟರೂ ಪಂದ್ಯವನ್ನು 6–4, 6–7, 7–6ರಿಂದ ಬೋರ್ಗ್ ಉಳಿಸಿಕೊಂಡರು.

1980ರ ಜುಲೈ 5ರ ವಿಂಬಲ್ಡನ್ ಫೈನಲ್ ಈ ಪೈಪೋಟಿಯ ಶಿಖರ. ಕಾನರ್ಸ್ ವಿರುದ್ಧದ ಸೆಮಿಫೈನಲ್‌ನಲ್ಲಿ ಮಾಡಿದ ರಂಪಾಟದಿಂದಾಗಿ ಮೆಕೆನ್ರೊ ಸೆಂಟರ್ ಕೋರ್ಟಿಗೆ ಕಾಲಿಟ್ಟಾಗ ಪ್ರೇಕ್ಷಕರು ಕೂಗಿ ಹೀಯಾಳಿಸಿದರು. ಅವರು ಅದಕ್ಕೆ ಆಟದಲ್ಲೇ ಉತ್ತರ ಕೊಟ್ಟು ಮೊದಲ ಸೆಟ್ಟನ್ನು 6–1ರಿಂದ ಗೆದ್ದರು. ಬೋರ್ಗ್ ತಡಕಾಡುತ್ತಲೇ ಎರಡನೇ ಸೆಟ್ 7–5ರಿಂದ ಕಸಿದುಕೊಂಡರು, ಮೂರನೆಯದನ್ನು 6–3ರಿಂದ ಗೆದ್ದರು. ನಾಲ್ಕನೆಯದರಲ್ಲಿ 5–4ರ ಮುನ್ನಡೆ, ತಮ್ಮದೇ ಸರ್ವ್, 40–15. ಎರಡು ಚಾಂಪಿಯನ್‌ಷಿಪ್ ಪಾಯಿಂಟ್‌ಗಳು. ಎರಡನ್ನೂ ಮೆಕೆನ್ರೊ ತಪ್ಪಿಸಿ ಆ ಗೇಮನ್ನೇ ಗೆದ್ದರು. ಸೆಟ್ ಟೈಬ್ರೇಕ್‌ಗೆ ಹೋಯಿತು.

ಆ ಟೈಬ್ರೇಕ್ 34 ಪಾಯಿಂಟ್‌ಗಳದ್ದು. ಏಳು ಪಾಯಿಂಟ್ ತಲುಪಿದರೆ ಸಾಕು, ಆದರೆ ಎರಡರ ಅಂತರ ಬೇಕು. ಆ ಅಂತರ ಇಬ್ಬರ ಕೈಗೂ ಸಿಗಲಿಲ್ಲ. ಬೋರ್ಗ್‌ಗೆ ಇನ್ನೂ ಐದು ಸಲ ಪ್ರಶಸ್ತಿ ಒಂದೇ ಪಾಯಿಂಟ್ ದೂರದಲ್ಲಿತ್ತು, ಐದು ಸಲವೂ ಜಾರಿತು. ಮೆಕೆನ್ರೊಗೆ ಆರು ಸೆಟ್ ಪಾಯಿಂಟ್ ಸಿಕ್ಕು ಕೈತಪ್ಪಿದವು. ಇಲ್ಲಿ ಗಮನಿಸಬೇಕಾದ್ದು ಇಬ್ಬರ ಧೈರ್ಯ. ಸೋಲಿನ ಅಂಚಿನಲ್ಲಿ ನಿಂತಾಗ ಯಾರೂ ಹೊಡೆತವನ್ನು ಹಿಂದೆಗೆಯಲಿಲ್ಲ, ಗೆರೆಯಂಚಿಗೇ ಗುರಿಯಿಟ್ಟರು. ಏಳನೇ ಸೆಟ್ ಪಾಯಿಂಟ್‌ನಲ್ಲಿ ಬೋರ್ಗ್ ಮೆಲ್ಲಗೆ ಬೀಳಿಸಲು ಹೋದ ವಾಲಿ ನೆಟ್‌ಗೆ ಬಿತ್ತು. 18–16. ಸೆಟ್‌ಗಳು ಎರಡೆರಡು.

ನೋಡಿದವರೆಲ್ಲ ಇಂದಿಗೂ ಆ ಟೈಬ್ರೇಕನ್ನೇ ನೆನೆಯುತ್ತಾರೆ. ಆದರೆ ಬೋರ್ಗ್ ಎಂಥ ಆಟಗಾರ ಎಂದು ತಿಳಿಯಬೇಕಾದರೆ ಐದನೇ ಸೆಟ್ ನೋಡಬೇಕು. ಏಳು ಚಾಂಪಿಯನ್‌ಷಿಪ್ ಪಾಯಿಂಟ್ ಕಳೆದುಕೊಂಡ ಮನುಷ್ಯ ಸೆಟ್‌ನ ಮೊದಲ ಗೇಮಿನಲ್ಲೇ ಸರ್ವ್‌ಗೆ ನಿಂತು 0–30ರಿಂದ ಹಿಂದೆ ಬಿದ್ದರು. ಪಂದ್ಯ ಕೈಬಿಟ್ಟಿತೆಂದು ಆ ಹೊತ್ತಿನಲ್ಲಿ ಅನಿಸಿತ್ತೆಂದು ಅವರೇ ಮುಂದೆ ಒಪ್ಪಿಕೊಂಡಿದ್ದಾರೆ. ಅಲ್ಲಿಂದಾಚೆಗೆ ತಮ್ಮ ಸರ್ವ್‌ನಲ್ಲಿ ಸತತ 19 ಪಾಯಿಂಟ್ ಗೆದ್ದರು. ಸರ್ವ್ ಅವರ ಪ್ರಧಾನ ಅಸ್ತ್ರವೇ ಅಲ್ಲ, ಅದು ಮೆಕೆನ್ರೊ ಅಸ್ತ್ರ. ಕೊನೆಗೆ 7–6ರಲ್ಲಿ, ಎಂಟನೇ ಚಾಂಪಿಯನ್‌ಷಿಪ್ ಪಾಯಿಂಟ್‌ನಲ್ಲಿ, ಎರಡು ಕೈಯ ಬ್ಯಾಕ್‌ಹ್ಯಾಂಡ್ ಪಾಸಿಂಗ್ ಶಾಟ್ ಮೆಕೆನ್ರೊ ಅವರನ್ನು ದಾಟಿತು. ಬೋರ್ಗ್ ಮೊಣಕಾಲೂರಿ ಕುಸಿದರು. 1–6, 7–5, 6–3, 6–7, 8–6. ಮೂರು ಗಂಟೆ 53 ನಿಮಿಷ. ಹೀಯಾಳಿಸಿದ್ದ ಪ್ರೇಕ್ಷಕರೇ ಎದ್ದುನಿಂತು ಸೋತವರಿಗೂ ಚಪ್ಪಾಳೆ ತಟ್ಟಿದರು.

ಎರಡೇ ತಿಂಗಳಿಗೆ ನ್ಯೂಯಾರ್ಕಿನಲ್ಲಿ ಲೆಕ್ಕ ತಿರುಗಿತು. ಅಮೆರಿಕ ಓಪನ್ ಫೈನಲ್‌ನಲ್ಲಿ ಮೆಕೆನ್ರೊ ಮೊದಲೆರಡು ಸೆಟ್ ಗೆದ್ದರು, ಬೋರ್ಗ್ ಮುಂದಿನ ಎರಡನ್ನು. ಐದನೇ ಸೆಟ್ ಎಂದರೆ ಬೋರ್ಗ್ ರಾಜ್ಯ ಎಂದೇ ಎಲ್ಲರೂ ನಂಬಿದ್ದ ಕಾಲವದು. ಹಿಂದಿನ ದಿನವಷ್ಟೇ ಕಾನರ್ಸ್ ಜೊತೆ ಐದು ಸೆಟ್ ಆಡಿ ದಣಿದಿದ್ದ ಮೆಕೆನ್ರೊ ಅದನ್ನು 6–4ರಿಂದ ಗೆದ್ದು ಆ ನಂಬಿಕೆಯನ್ನು ಮುರಿದರು. ಈ ಪೈಪೋಟಿ ನಿಜವಾಗಿ ತಿರುಗಿದ್ದು ಇಲ್ಲಿ ಎಂದು ಹೇಳುವುದೇ ಸರಿ.

ಭಾರತೀಯರಿಗೂ ಈ ಕಥೆಯಲ್ಲಿ ಹೆಮ್ಮೆಯ ಪಾಲಿದೆ. ಎಪ್ಪತ್ತರ ದಶಕದಲ್ಲಿ ಚೆನ್ನೈನ ವಿಜಯ್ ಅಮೃತರಾಜ್, ಬೋರ್ಗ್, ಕಾನರ್ಸ್ ಈ ಮೂವರನ್ನು ಸೇರಿಸಿ ಟೆನಿಸ್‌ನ ‘ಎ–ಬಿ–ಸಿ’ ಎನ್ನುತ್ತಿದ್ದರು. ಅಮೃತರಾಜ್ 1974ರ ಅಮೆರಿಕ ಓಪನ್‌ನಲ್ಲಿ ಬೋರ್ಗ್ ಅವರನ್ನು ಸೋಲಿಸಿದರು. 1979ರ ವಿಂಬಲ್ಡನ್ ಎರಡನೇ ಸುತ್ತಿನಲ್ಲಿ ಎರಡು ಸೆಟ್‌ಗೆ ಒಂದರಂತೆ ಮುಂದಿದ್ದರು, ನಾಲ್ಕನೇ ಸೆಟ್ ಟೈಬ್ರೇಕ್‌ನಲ್ಲಿ ಕೈತಪ್ಪಿತು, ಐದನೆಯದನ್ನು ಬೋರ್ಗ್ 6–2ರಿಂದ ಗೆದ್ದರು. ಆ ಟೈಬ್ರೇಕ್ ಈ ಕಡೆ ವಾಲಿದ್ದರೆ ಬೋರ್ಗ್ ಅವರ ಸತತ ಐದರ ಸರಪಳಿ ಮೂರಕ್ಕೇ ನಿಲ್ಲುತ್ತಿತ್ತು, 1980ರ ಫೈನಲ್‌ಗೆ ಆ ತೂಕವೂ ಇರುತ್ತಿರಲಿಲ್ಲ. 1984ರಲ್ಲಿ ಮೆಕೆನ್ರೊ 82 ಪಂದ್ಯ ಗೆದ್ದು ಮೂರರಲ್ಲಿ ಮಾತ್ರ ಸೋತರು. ಆ ಮೂರರಲ್ಲಿ ಸಿನ್ಸಿನಾಟಿಯದು ಅಮೃತರಾಜ್ ಕೈಯಲ್ಲಿ.

1981ರ ವಿಂಬಲ್ಡನ್‌ಗೆ ಬಂದಾಗ ಬೋರ್ಗ್ ಅಲ್ಲಿ 1976ರಿಂದ ಸೋತಿರಲಿಲ್ಲ. ಸೆಮಿಫೈನಲ್‌ನಲ್ಲಿ ಕಾನರ್ಸ್ ವಿರುದ್ಧ ಮೊದಲೆರಡು ಸೆಟ್ ಕಳೆದುಕೊಂಡೂ ಗೆದ್ದು ಸತತ 41ನೇ ಗೆಲುವು ಕಂಡರು. ಅತ್ತ ಮೆಕೆನ್ರೊ ಮೊದಲ ಸುತ್ತಿನಲ್ಲೇ ಅಂಪೈರ್ ಮೇಲೆ ಕಿರುಚಾಡಿ ಜಗಳ ಕಟ್ಟಿಕೊಂಡಿದ್ದರು. ಜುಲೈ 4ರ ಫೈನಲ್‌ನಲ್ಲಿ ಮಾತ್ರ ಮತ್ತೆ ಅದೇ ಸಂಯಮ. 4–6, 7–6, 7–6, 6–4ರಿಂದ ಗೆದ್ದರು, ಎರಡೂ ಟೈಬ್ರೇಕ್ ಅವರದೇ. ಬೋರ್ಗ್ ಅವರನ್ನು ಹೆಚ್ಚು ಕಾಡಿದ್ದು ಸೋಲಲ್ಲ, ಸೋತ ಮೇಲೂ ತಮಗೆ ನೋವಾಗಲಿಲ್ಲವಲ್ಲ ಎಂಬುದು. ಅದನ್ನು ಅವರೇ ಹೇಳಿಕೊಂಡಿದ್ದಾರೆ.

ಕೊನೆಯ ಭೇಟಿ ಅದೇ ಸೆಪ್ಟೆಂಬರ್ 13ರ ಅಮೆರಿಕ ಓಪನ್ ಫೈನಲ್. ಬೋರ್ಗ್ ಒಮ್ಮೆಯೂ ಗೆಲ್ಲದ ಟೂರ್ನಿ ಅದು, ಆಗಲೇ ಮೂರು ಫೈನಲ್ ಸೋತಿದ್ದರು. ಮೊದಲ ಸೆಟ್ ಗೆದ್ದರು, ಮೂರನೆಯದರಲ್ಲಿ 4–2ರ ಮುನ್ನಡೆಯೂ ಇತ್ತು. ಅಲ್ಲಿಂದ ಮೆಕೆನ್ರೊ ಬಿಡಲಿಲ್ಲ, 4–6, 6–2, 6–4, 6–3. ಕೈಕುಲುಕಿದ ಬೋರ್ಗ್ ಬಹುಮಾನ ವಿತರಣೆಗೆ ಕಾಯದೆ, ಮಾತಿಗೂ ನಿಲ್ಲದೆ, ಪೊಲೀಸ್ ಕಾವಲಿನಲ್ಲಿ ಹೊರಟೇಹೋದರು. ಅವರಿಗೆ ಜೀವಬೆದರಿಕೆ ಕರೆ ಬಂದಿತ್ತೆಂಬ ಸುದ್ದಿ ಆಗ ಹರಡಿತು. ಇನ್ನೊಂದು ಗ್ರ್ಯಾಂಡ್‌ಸ್ಲಾಮ್ ಪಂದ್ಯವನ್ನು ಅವರು ಆಡಲಿಲ್ಲ. ವರ್ಷಕ್ಕೆ ಕನಿಷ್ಠ ಹತ್ತು ಗ್ರ್ಯಾನ್‌ಪ್ರಿ ಟೂರ್ನಿ ಆಡದವರು ಅರ್ಹತಾ ಸುತ್ತಿನಿಂದ ಬರಬೇಕು ಎಂಬ ನಿಯಮಕ್ಕೆ 1982ರಲ್ಲಿ ಅವರು ಬಗ್ಗಲಿಲ್ಲ. 1983ರ ಜನವರಿಯಲ್ಲಿ, 26ರ ವಯಸ್ಸಿಗೆ, ನಿವೃತ್ತಿ ಘೋಷಿಸಿದರು. ಮರಳಿ ಬಾ ಎಂದು ಒತ್ತಾಯಿಸಿದವರಲ್ಲಿ ಮೆಕೆನ್ರೊ ಮುಂದಿದ್ದರು. ಎದುರಾಳಿ ಹೋದ ಮೇಲೆ ತಮ್ಮೊಳಗೂ ಏನೋ ಖಾಲಿಯಾಯಿತು ಎಂಬ ಮಾತನ್ನು ಅವರು ಹಲವು ಬಾರಿ ಆಡಿದ್ದಾರೆ.

ಏಳು–ಏಳು ಎಂಬ ಲೆಕ್ಕ ಸಮಬಲದ ಚಿತ್ರ ಕೊಡುತ್ತದೆ. ಅದರೊಳಗಿನ ಎರಡು ಸಂಗತಿಗಳು ಕಣ್ತಪ್ಪಬಾರದು. ಮೊದಲನೆಯದು, ಬೋರ್ಗ್ ಸಾಮ್ರಾಜ್ಯವಾಗಿದ್ದ ಆವೆಮಣ್ಣಿನ ಅಂಕಣದಲ್ಲಿ ಇಬ್ಬರೂ ಒಮ್ಮೆಯೂ ಎದುರಾಗಲಿಲ್ಲ. ಅಲ್ಲಿ ನಾಲ್ಕಾರು ಪಂದ್ಯ ನಡೆದಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು. ಎರಡನೆಯದು, 1981ರಲ್ಲಿ ಮಿಲಾನ್‌ನಿಂದ ಹಿಡಿದು ಕೊನೆಯ ಮೂರೂ ಪಂದ್ಯಗಳನ್ನು ಮೆಕೆನ್ರೊ ಗೆದ್ದರು. ಬೋರ್ಗ್ ಕೊನೆಗೂ ಇಳಿಜಾರಿನಲ್ಲಿದ್ದರೋ, ಮೆಕೆನ್ರೊ ಏರುತ್ತಿದ್ದರೋ ಎಂಬುದು ಅಭಿಮಾನಿಗಳ ಜಗಳ. ಅದೇ ವರ್ಷ ಬೋರ್ಗ್ ಪ್ಯಾರಿಸ್ ಗೆದ್ದಿದ್ದರು ಎಂಬುದನ್ನು ನೋಡಿದರೆ ಎರಡನೆಯದಕ್ಕೇ ಬಲ ಹೆಚ್ಚು.

ಬೋರ್ಗ್ 1991ರಲ್ಲಿ ಮರದ ರಾಕೆಟ್ ಹಿಡಿದೇ ಮಾಂಟೆ ಕಾರ್ಲೊದಲ್ಲಿ ಮರಳಿ ಬಂದು ಮೊದಲ ಪಂದ್ಯದಲ್ಲೇ ಸೋತರು. ಆಟ ಆಗಲೇ ಗ್ರಾಫೈಟ್ ಕಾಲಕ್ಕೆ ದಾಟಿತ್ತು. 2006ರಲ್ಲಿ ವಿಂಬಲ್ಡನ್ ಟ್ರೋಫಿಗಳನ್ನು ಲಂಡನ್ನಿನ ಹರಾಜಿಗೆ ಕಳಿಸಲು ಹೊರಟಾಗ, ನಿನಗೆ ತಲೆ ಕೆಟ್ಟಿದೆಯೇ ಎಂದು ಫೋನ್ ಮಾಡಿ ಗದರಿದವರು ಮೆಕೆನ್ರೊ. ಹರಾಜು ನಿಂತಿತು. ಇವರ ಕಥೆಯನ್ನು 2017ರಲ್ಲಿ ಡೆನ್ಮಾರ್ಕಿನ ಯಾನುಸ್ ಮೆಟ್ಸ್ ಚಲನಚಿತ್ರವಾಗಿಸಿದರು. ಅದೇ ವರ್ಷ ಪ್ರಾಗ್‌ನಲ್ಲಿ ಆರಂಭವಾದ ಲೇವರ್ ಕಪ್‌ನಲ್ಲಿ ಬೋರ್ಗ್ ಯುರೋಪ್ ತಂಡದ, ಮೆಕೆನ್ರೊ ವಿಶ್ವ ತಂಡದ ನಾಯಕರಾಗಿ ಮತ್ತೆ ಎದುರುಬದುರು ಕುಳಿತರು. 2024ರ ಬರ್ಲಿನ್ ಆವೃತ್ತಿಯ ಬಳಿಕ ಇಬ್ಬರೂ ಒಟ್ಟಿಗೇ ಆ ಹೊಣೆ ಬಿಟ್ಟರು. ಏಳು ಆವೃತ್ತಿಗಳಲ್ಲಿ ಬೋರ್ಗ್ ತಂಡಕ್ಕೆ ಐದು ಗೆಲುವು, ಮೆಕೆನ್ರೊ ತಂಡಕ್ಕೆ ಎರಡು.