ಬೆರಳಿನಿಂದ ಬಿಂಬಕ್ಕೆ: ಬಸುರಿನಲ್ಲಿ ಗರ್ಭಕಂಠದ ಕ್ಯಾನ್ಸರ್ ಅಳೆದ ಬಗೆ

ಬಸುರಿಗೆ ಗರ್ಭಕಂಠದ ಕ್ಯಾನ್ಸರ್ ಇದೆಯೆಂದು ಖಚಿತವಾದಾಗ ಮುಂದಿನ ಎಲ್ಲ ತೀರ್ಮಾನವೂ ಗಡ್ಡೆಯ ಅಳತೆ ಮತ್ತು ಹರವನ್ನು ಅವಲಂಬಿಸುತ್ತದೆ. ಬಹುಕಾಲ ಆ ಅಳತೆ ಹೇಳುತ್ತಿದ್ದದ್ದು ವೈದ್ಯರ ಬೆರಳು. 1929ರಲ್ಲಿ ಲೀಗ್ ಆಫ್ ನೇಷನ್ಸ್ ಆಶ್ರಯದಲ್ಲಿ ಹೊರಬಂದ ಹಂತಗಳ ವರ್ಗೀಕರಣ ಕೈಪರೀಕ್ಷೆಯನ್ನೇ ನೆಚ್ಚಿತ್ತು. ಮುಂದೆ ಅದರ ಹೊಣೆ ಹೊತ್ತ, ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಗೊ ಸಂಸ್ಥೆಯೂ 2018ರವರೆಗೆ ಬಹುಮಟ್ಟಿಗೆ ಅದೇ ಜಾಡು ಹಿಡಿದಿತ್ತು. ಆದರೆ ಬಸುರಿನಲ್ಲಿ ಗರ್ಭಕಂಠ ಮೆತ್ತಗಾಗಿ ಉಬ್ಬಿರುತ್ತದೆ, ಸುತ್ತಲ ಅಂಗಾಂಶವೂ ಸಡಿಲಗೊಂಡಿರುತ್ತದೆ. ಪಳಗಿದ ಬೆರಳೂ ಎಡವುವ ಜಾಗವಿದು.

ಎಕ್ಸ್‌ರೇ ಈ ತೊಡಕನ್ನು ಬಿಡಿಸಲಿಲ್ಲ. ಒಂದು ಕಡೆ ಹೆಚ್ಚಿಸಿತು. ಎಕ್ಸ್‌ರೇಯಲ್ಲಿ ಮೂತ್ರಪಿಂಡ ಊದಿಕೊಂಡಂತೆ ಕಂಡರೆ, ಅದಕ್ಕೆ ಬೇರೆ ಕಾರಣ ಕಾಣದಿದ್ದರೆ, ರೋಗ ಮೂರನೆಯ ಹಂತಕ್ಕೆ ಹೋಗಿದೆಯೆಂದು ಲೆಕ್ಕ. ಬಸುರಿನಲ್ಲೋ ಬೆಳೆಯುವ ಗರ್ಭಕೋಶವೇ ಮೂತ್ರನಾಳವನ್ನು, ಅದರಲ್ಲೂ ಬಲಗಡೆಯದನ್ನು, ಒತ್ತಿ ಮೂತ್ರಪಿಂಡವನ್ನು ಊದಿಸುತ್ತದೆ. ಹೊಟ್ಟೆಯ ಭಾರ ರೋಗದ ವೇಷ ತೊಟ್ಟು ಬರಬಹುದಿತ್ತು.

ಇದರ ಮೇಲೆ ವಿಕಿರಣದ ಭಯ. ಆಕ್ಸ್‌ಫರ್ಡಿನ ಆಲಿಸ್ ಸ್ಟುವರ್ಟ್ ಕ್ಯಾನ್ಸರಿನಿಂದ ಸತ್ತ ಮಕ್ಕಳ ತಾಯಂದಿರನ್ನು ವಿಚಾರಿಸಿ, ಬಸುರಿನಲ್ಲಿ ತೆಗೆಸಿದ ಎಕ್ಸ್‌ರೇಗೂ ಈ ಸಾವುಗಳಿಗೂ ನಂಟಿದೆಯೆಂದು 1956ರಲ್ಲಿ ಬರೆದರು. ತಾಯಂದಿರ ನೆನಪನ್ನು ನಂಬಬಹುದೇ ಎಂಬ ಆಕ್ಷೇಪ ಎದ್ದಿತು. 1962ರಲ್ಲಿ ಅಮೆರಿಕದ ಬ್ರಯನ್ ಮ್ಯಾಕ್‌ಮಹೋನ್ ಆಸ್ಪತ್ರೆಯ ದಾಖಲೆಗಳಿಂದಲೇ ಅಂಥದೇ ಫಲಿತಾಂಶ ಕಂಡರು. ನೆನಪಿನ ಮಾತು ಕಡತದಲ್ಲೂ ಸಿಕ್ಕಿತ್ತು.

ಅಷ್ಟರಲ್ಲಿ ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್, ಲೋಹದ ಬಿರುಕು ಹುಡುಕುವ ಶಬ್ದತರಂಗದ ಯಂತ್ರವನ್ನು ಹೊಟ್ಟೆಯ ಗಡ್ಡೆಗಳತ್ತ ತಿರುಗಿಸಿದ್ದರು. ಜಾನ್ ಮೆಕ್‌ವಿಕಾರ್ ಮತ್ತು ಎಂಜಿನಿಯರ್ ಟಾಮ್ ಬ್ರೌನ್ ಜೊತೆಗಿನ ಅವರ ಲೇಖನ 1958ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಮಗುವನ್ನು ನೋಡಲು ಅಲ್ಟ್ರಾಸೌಂಡ್ ಬಲು ಬೇಗ ಒಗ್ಗಿತು, ಗರ್ಭಕಂಠದ ಗಡ್ಡೆಯ ಅಂಚು ನೋಡಲು ಅಷ್ಟಾಗಿ ಅಲ್ಲ.

ಆ ಅಂಚನ್ನು ತೋರಿಸಿದ್ದು ಎಂ.ಆರ್.ಐ. ಬಸುರಿಯರ ಮೊದಲ ಚಿತ್ರಗಳು 1983ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಿಂದ ಬಂದವು. ಆಗಿನ ಯಂತ್ರಗಳು ನಿಧಾನ. ಮಗು ಮಿಸುಕಿದರೆ ಚಿತ್ರ ಕಲಸಿಹೋಗುತ್ತಿತ್ತು. ಮುಂದೆ ವೇಗದ ಸ್ಕ್ಯಾನ್‌ಗಳು ಬಂದವು. ತಿಂಗಳು ತುಂಬುತ್ತಿರುವವರನ್ನು ಎಡಮಗ್ಗುಲಿಗೆ ವಾಲಿಸಿ ಮಲಗಿಸುತ್ತಾರೆ, ದೊಡ್ಡ ಅಭಿಧಮನಿಯ ಮೇಲೆ ಭಾರ ಬೀಳದಿರಲೆಂದು. ಟಿ2 ಎಂಬ ಬಗೆಯ ಎಂ.ಆರ್.ಐ. ಚಿತ್ರದಲ್ಲಿ ಗರ್ಭಕಂಠದ ಗೋಡೆ ಕಪ್ಪು ಬಳೆಯಂತೆ, ಗಡ್ಡೆ ಬೂದು ಮಚ್ಚೆಯಂತೆ ಕಾಣುತ್ತದೆ. ಬಳೆ ಎಲ್ಲೂ ಒಡೆಯದಿದ್ದರೆ ರೋಗ ಪಕ್ಕಕ್ಕೆ ದಾಟಿಲ್ಲವೆಂದು ಓದುತ್ತಾರೆ. ಚಿತ್ರ ಎದ್ದುಕಾಣಲೆಂದು ಕೊಡುವ ಗ್ಯಾಡೊಲಿನಿಯಂ ಇಂಜೆಕ್ಷನ್ ಮಾಸನ್ನು ದಾಟುವುದರಿಂದ ಅದನ್ನು ಬಳಸುವುದಿಲ್ಲ. ಅದಿಲ್ಲದೆಯೂ ಬಳೆ ಕಾಣುತ್ತದೆ.

ಹಿಂದೆ ಬಸುರು ಎಳೆಯದಾಗಿದ್ದರೆ ಅದನ್ನು ಕಳೆದುಕೊಂಡೇ ಚಿಕಿತ್ಸೆ ಎಂಬುದು ವಾಡಿಕೆಯಾಗಿತ್ತು. ಈಗ ಗಡ್ಡೆ 2 ಸೆಂ.ಮೀ.ಗಿಂತ ಚಿಕ್ಕದಿದ್ದು ದುಗ್ಧಗ್ರಂಥಿಗೆ ಹರಡಿರದಿದ್ದರೆ, ಆಗಾಗ ಪರೀಕ್ಷಿಸಿ, ಬೇಕೆನಿಸಿದಾಗ ಮತ್ತೆ ಸ್ಕ್ಯಾನ್ ಮಾಡಿ, ಹೆರಿಗೆಯವರೆಗೆ ಕಾಯಲು ಆಗುತ್ತದೆ. ದೊಡ್ಡದಿದ್ದರೆ ಮೊದಲ ಮೂರು ತಿಂಗಳು ಕಳೆದ ಮೇಲೆ ಪ್ಲಾಟಿನಂ ಬಗೆಯ ಕೀಮೊ ಕೊಟ್ಟು, ಗಡ್ಡೆ ಕುಗ್ಗಿತೇ ಎಂದು ಚಿತ್ರದಲ್ಲಿ ನೋಡಬಹುದು. ಈ ಇತಿಹಾಸದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದೇ, ಕಾಯುವುದಕ್ಕೆ ಒಂದು ಅಳತೆಗೋಲು ಸಿಕ್ಕಿದ್ದು.

ಆದರೂ ದುಗ್ಧಗ್ರಂಥಿಯ ವಿಷಯದಲ್ಲಿ ಎಂ.ಆರ್.ಐ. ಈಗಲೂ ತಡವರಿಸುತ್ತದೆ. ಅದು ಮುಖ್ಯವಾಗಿ ಗ್ರಂಥಿಯ ಗಾತ್ರ ನೋಡುತ್ತದೆ. ಸಣ್ಣ ಗ್ರಂಥಿಯಲ್ಲಿ ಅಡಗಿದ ಕೆಲವೇ ಕ್ಯಾನ್ಸರ್ ಕೋಶಗಳು ಅದಕ್ಕೆ ಸಿಗವು. ಅದಕ್ಕೇ ಸುಮಾರು 22 ವಾರದೊಳಗೆ ಲ್ಯಾಪರೋಸ್ಕೋಪಿಯಲ್ಲಿ ಗ್ರಂಥಿ ತೆಗೆದು ನೋಡುತ್ತಾರೆ. ಆಮೇಲೆ ಗರ್ಭಕೋಶ ಅಡ್ಡ ಬರುತ್ತದೆ.