ಬ್ಯಾರಿಸ್ಟರನ ಇಬ್ಬರು ಕಕ್ಷಿಗಾರರು

ಇಂಗ್ಲೆಂಡಿನ ಬ್ಯಾರಿಸ್ಟರನು ಆರೋಪಿಯ ಪರವಾಗಿ ಜ್ಯೂರಿಯೆದುರು ವಾದಿಸುವ ಪದ್ಧತಿಯನ್ನು ನಾವು ಬಹು ಪ್ರಾಚೀನವೆಂದು ಭಾವಿಸುತ್ತೇವೆ. ವಸ್ತುಸ್ಥಿತಿ ಹಾಗಿಲ್ಲ. ಕೊಲೆ, ಕಳವು ಮುಂತಾದ ಘೋರಾಪರಾಧಗಳ ವಿಚಾರಣೆಯಲ್ಲಿ 1836ರ ಶಾಸನದವರೆಗೂ ಆರೋಪಿಯ ವಕೀಲನು ಸಾಕ್ಷಿಗಳನ್ನು ಪ್ರಶ್ನಿಸಬಹುದಾಗಿತ್ತೇ ಹೊರತು ಜ್ಯೂರಿಯನ್ನು ಉದ್ದೇಶಿಸಿ ಮಾತನಾಡುವಂತಿರಲಿಲ್ಲ. ರಾಜದ್ರೋಹದ ಆರೋಪಿಗೆ 1696ರಲ್ಲಿಯೇ ದೊರೆತಿದ್ದ ಈ ಸೌಲಭ್ಯ ಕುರಿಗಳ್ಳನಿಗೆ ಒದಗಲು ಇನ್ನೂ 140 ವರ್ಷ ಬೇಕಾಯಿತು. ಅಲ್ಲಿಯವರೆಗೆ ವಾದವೆಲ್ಲ ಪಾಟೀಸವಾಲಿನೊಳಗೇ ಅಡಗಬೇಕಿತ್ತು. 1780ರ ದಶಕದಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ವಿಲಿಯಂ ಗ್ಯಾರೋ ಹೆಸರು ಮಾಡಿದ್ದು ಈ ಕೌಶಲದಿಂದಲೇ.

ಗಾಯಾಳುವಿನ ಪಾಡು ಬೇರೆಯದು. 1808ರ ಬೇಕರ್ ಮತ್ತು ಬೋಲ್ಟನ್ ಮೊಕದ್ದಮೆಯನ್ನು ನೋಡಬಹುದು. ಪ್ರಯಾಣಿಕರ ಕುದುರೆಗಾಡಿ ಉರುಳಿ ವಾದಿಯ ಹೆಂಡತಿ ತಿಂಗಳೊಂದರಲ್ಲಿ ತೀರಿಕೊಂಡಳು. ಆಕೆ ಜೀವಿಸಿದ್ದ ಆ ತಿಂಗಳ ನಷ್ಟವಷ್ಟೇ ಲೆಕ್ಕಕ್ಕೆ ಬಂದಿತು. ಮರಣಕ್ಕೆ ಸಿವಿಲ್ ಪರಿಹಾರವಿಲ್ಲವೆಂದು ಲಾರ್ಡ್ ಎಲೆನ್‌ಬರೋ ತಿಳಿಸಿದನು. ಅಂದರೆ ಅಂಗಹೀನನನ್ನಾಗಿಸುವುದಕ್ಕಿಂತ ಕೊಲ್ಲುವುದೇ ಅಗ್ಗ! ರೈಲುಗಳ ಕಾಲದಲ್ಲಿ ಈ ವೈಪರೀತ್ಯ ಅಸಹನೀಯವಾಯಿತು. 1846ರ ಶಾಸನವು ಮೃತನ ಹೆಂಡತಿಮಕ್ಕಳಿಗೆ ಪರಿಹಾರದ ಹಕ್ಕನ್ನಿತ್ತಿತು. 1855ರಲ್ಲಿ ಅದರ ಪ್ರತಿರೂಪ ಭಾರತಕ್ಕೂ ಬಂದಿತು.

ಇಲ್ಲಿ ನಮಗೆ ಕಲ್ಯಾಣದ ವಿಜ್ಞಾನೇಶ್ವರ ನೆನಪಾಗುತ್ತಾನೆ. ಅವನ ಮಿತಾಕ್ಷರಕ್ಕೆ ಮೂಲವಾದ ಯಾಜ್ಞವಲ್ಕ್ಯಸ್ಮೃತಿಯ ದಂಡಪಾರುಷ್ಯ ಪ್ರಕರಣದಂತೆ, ಹೊಡೆದವನು ರಾಜನಿಗೆ ದಂಡವನ್ನೂ ಗಾಯಾಳುವಿಗೆ ಚಿಕಿತ್ಸೆಯ ವೆಚ್ಚವನ್ನೂ ತೆರಬೇಕು. ಇಂಗ್ಲಿಷ್ ನ್ಯಾಯವು ಎರಡು ನ್ಯಾಯಾಲಯಗಳಿಗೆ ಹಂಚಿದ್ದು ಇಲ್ಲಿ ಒಂದೇ ವ್ಯವಹಾರ. ಹೆಮ್ಮೆಗಾಗಿ ಈ ಮಾತನ್ನು ಹೇಳುತ್ತಿಲ್ಲ. ಅದೇ ಪ್ರಕರಣ ವರ್ಣವನ್ನು ನೋಡಿ ದಂಡವನ್ನು ಏರಿಳಿಸುತ್ತದೆ.